ಕುಂಡಲಿಗ

ಆಪರೇಷನ್ ಥಿಯೇಟರಿನ ಹಿಂದೆ, ಬಟ್ಟೆ ಬದಲಿಸುವ ಕೋಣೆಗೆ
ಒಂದೇ ಕಿಟಕಿ. ಮೋಡವಿಲ್ಲದ ದಿನ ಕೂರ್ಮಗಡ ಕಾಣುತ್ತದೆ.
ಉಪ್ಪುಗಾಳಿ ತಿಂದ ಸರಳಿನ ಮೇಲೆ
ಮಣ್ಣಿನ ಕುಡಿಕೆಯೊಂದು, ಹೆಬ್ಬೆರಳ ಉಗುರಿನಷ್ಟು,
ಕಂಠ ತಿದ್ದಿದ್ದು ನೋಡಿದರೆ ಕುಂಬಾರ ನಾಚಬೇಕು.

ಸೊಂಟ ಅಂದರೆ ಒಂದು ದಾರ. ಮೈಯೆಲ್ಲ ಅರಿಶಿನ, ಕಪ್ಪು ಪಟ್ಟೆ.
ಬೆಳಿಗ್ಗೆ ಎಂಟರಿಂದ ಹೊತ್ತು ತರುತ್ತಿದ್ದಾಳೆ
ಹಸಿರು ಕೀಡೆಗಳನ್ನು, ಒಂದೊಂದಾಗಿ,
ತನ್ನಷ್ಟೇ ಉದ್ದದ್ದನ್ನು ಕಾಲುಗಳ ನಡುವೆ ಅವುಚಿಕೊಂಡು.
ನಮ್ಮ ಪಟ್ಟಿಯಲ್ಲೂ ಅವತ್ತು ಆರು ಕೇಸು.

ಸತ್ತಿರಲಿಲ್ಲ ಅವು. ಹತ್ತಿರ ಹೋಗಿ ನೋಡಿದೆ.
ಬಾಲದ ತುದಿ ಒಮ್ಮೆ ಮಿಡುಕಿತು,
ಸ್ವಿಚ್ ಆರಿಸಿದ ಮೇಲೂ ಫ್ಯಾನು ಒಂದು ಸುತ್ತು ತಿರುಗುವ ಹಾಗೆ.
ಎಷ್ಟು ಬೇಕೋ ಅಷ್ಟೇ ಮದ್ದು:
ಹನಿ ಹೆಚ್ಚಾದರೆ ಕೊಳೆತು ಹೋದೀತು,
ಕಡಿಮೆಯಾದರೆ ಹೊರಳಿ ಮೊಟ್ಟೆಯನ್ನೇ ಅರೆದೀತು.
ಹದಿನೇಳು ವರ್ಷ ಸಿರಿಂಜು ತುಂಬಿಕೊಟ್ಟವಳು ನಾನು.
ಪಳಗಿದ ಕೈಯನ್ನು ಪಳಗಿದ ಕೈ ಗುರುತಿಸುತ್ತದೆ.

ಮೊಟ್ಟೆ ಒಳಗಿನ ಮಾಡಿನಿಂದ ಎಳೆಯಲ್ಲಿ ತೂಗುತ್ತಿರುತ್ತದಂತೆ,
ತೊಟ್ಟಿಲು. ಇನಾಸ್ ಹೇಳಿದ್ದು,
ಹೋದ ವರ್ಷ ಒಂದನ್ನು ಒಡೆದು ನೋಡಿದವನು,
ಸ್ಟ್ರೆಚರಿನ ಚಕ್ರಕ್ಕೆ ಎಣ್ಣೆ ಬಿಡುತ್ತ:
"ಹುಟ್ಟಿದ ಕೂಡಲೇ ಕೆಳಗೆ ಊಟ, ಬಾಯೀ. ಐಸು ಬೇಡ, ಎಲ್ಲ ತಾಜಾ."

ಮಾಜಾಳಿಯ ನನ್ನಜ್ಜಿ ಬೇರೆಯೇ ಹೇಳಿದ್ದಳು.
ಕೀಡೆಯನ್ನು ತಂದು ಮಣ್ಣೊಳಗೆ ಕೂಡಿಟ್ಟು
ಬಾಗಿಲಲ್ಲಿ ಗುಂಯ್ ಅನ್ನುತ್ತ ಕೂರುತ್ತದೆ ಕುಂಡಲಿಗ.
ಕೀಡೆ ಹೆದರಿ, ಅದನ್ನೇ ಕೇಳಿ ಕೇಳಿ, ನೆನೆದು ನೆನೆದು,
ಒಂದು ದಿನ ರೆಕ್ಕೆ ಮೂಡಿ ತಾನೇ ಕುಂಡಲಿಗ.
ಗುರು ಅಂದರೆ ಹಾಗೆ, ಮಗಾ, ಅಂದಿದ್ದಳು
ಬಳಚು ಸುಲಿಯುತ್ತ, ಒಂದೊಂದರ ಬಾಯಿಗೂ ಕತ್ತಿ ತೂರಿಸುತ್ತ.

ಅಜ್ಜಿಗೆ ಗೊತ್ತಿರಲಿಲ್ಲವೇ?
ಗೊತ್ತಿದ್ದೇ ಹೇಳಿದಳೇ?

ಮೊನ್ನೆ ಸಂಜೆ ಮೀನು ಪೇಟೆಯಲ್ಲಿ
ಚಂದ್ರಭಾಗಾ ಹರಿಕಂತ್ರ ನನ್ನ ಮಣಿಕಟ್ಟು ಹಿಡಿದಳು.
ಮಳೆಗಾಲಕ್ಕೆ ಮೊದಲು ಗರ್ಭಕೋಶ ತೆಗೆದದ್ದು, ಮೂರನೇ ಕೇಸು.
"ನನಗೆ ಎಚ್ಚರ ಇತ್ತು," ಅಂದಳು, ದನಿ ಇಳಿಸಿ.
"ಬೆರಳು ಎತ್ತೋಣ ಅಂದರೆ ಬೆರಳು ನನ್ನದಲ್ಲ.
ರೆಪ್ಪೆಗೆ ನೀವು ಪಟ್ಟಿ ಅಂಟಿಸಿದ್ದಿರಿ.
ನೋವು ಅಂತಲ್ಲ, ಜಗ್ಗಿದ್ದು ಗೊತ್ತಾಗುತ್ತಿತ್ತು,
ದಡದಲ್ಲಿ ನಿಂತು ಬಲೆ ಜಗ್ಗಿದ ಹಾಗೆ, ಬಲೆಗೆ.
ಬೈತಖೋಲದಲ್ಲಿ ಇವತ್ತು ಬಂಗಡೆ ಹೇಗೆ ಅಂತ ಕೇಳಿದಿರಿ ನೀವು.
ನೂರಕ್ಕೆ ಎಂಟು ಅಂದರು ಯಾರೋ.
ಸುಳ್ಳು. ಹತ್ತು ಕೊಡುತ್ತಿದ್ದರು ಅವತ್ತು.
ಹೇಳೋಣ ಅಂದರೆ ಗಂಟಲಲ್ಲಿ ನಳಿಗೆ."

ಸಿಟ್ಟಿರಲಿಲ್ಲ ಅವಳಿಗೆ. ಅದೇ ತಡೆಯಲಾಗಲಿಲ್ಲ.
ಅರಿವಳಿಕೆ ಅನ್ನುತ್ತೇವೆ. ಅರಿವು ಅಳಿಯುತ್ತದೆ ಅಂತ
ಹೆಸರನ್ನೇ ನಂಬಿ ಹದಿನೇಳು ವರ್ಷ
ಕಿವಿಗಳ ಮೇಲೆ ಪೇಟೆಯ ಧಾರಣೆ ಸುರಿದಿದ್ದೆ.
ನೂರರ ನೋಟು ಕೊಟ್ಟೆ. ಹತ್ತು ಎಣಿಸಿ ಹಾಕಿದಳು,
ಮೇಲೆ ಎರಡು. ಹನ್ನೆರಡಕ್ಕೂ ಕಣ್ಣು ತೆರೆದೇ ಇತ್ತು.

ಮೂರು ವಾರದ ಮೇಲೆ ಕುಡಿಕೆಯ ಪಕ್ಕೆಯಲ್ಲಿ ತೂತು.
ಇನಾಸ್ ಹಿಡಿಕಡ್ಡಿ ತೂರಿಸಿ ಕೆದಕಿದ:
ಒಂದಿಷ್ಟು ಹೊಟ್ಟು, ಹಸಿರು ಹೋದ ಸಿಪ್ಪೆ.
ಯಾವುದು ಯಾವುದಾಯಿತು ಅಂತ
ಹೇಳುವುದಕ್ಕೆ ಅಲ್ಲಿ ಯಾರೂ ಉಳಿದಿರಲಿಲ್ಲ.

ಮೇಜಿನ ಮೇಲೆ ಮುದಗಾದ ಹುಡುಗ, ಅಪೆಂಡಿಕ್ಸು.
ಹಿಂದಿನಿಂದ ಎಣಿಸು ಅಂದೆ. ಏಳಕ್ಕೆ ನಿಂತ.
ಡಾಕ್ಟರು ಕಣ್ಣಲ್ಲೇ ಕೇಳಿದರು, ನಾನು ತಲೆಯಾಡಿಸಲಿಲ್ಲ.
ಕಿವಿಯ ಬಳಿ ಬಾಗಿದೆ.
ಅವನ ಹೆಸರು ಹೇಳಬೇಕಿತ್ತು, ಇಲ್ಲಿದ್ದೇನೆ ಅನ್ನಬೇಕಿತ್ತು,
ಏನಾದರೂ.
ಮಾಸ್ಕಿನೊಳಗಿಂದ ಬಂದದ್ದು ಬರೀ
ಗುಂಯ್.